ಬೆಳ್ಳಿಯ ಎರಡನೆಯ ಹೆರಿಗೆ

ಪಶುವೈದ್ಯರ ಕೋಣೆಯ ಹೊರಗೆ ಬೆಕ್ಕಿನ ಬುಟ್ಟಿ ಹಿಡಿದು ಕುಳಿತಿದ್ದೆ. ಎದುರಿನ ಬೆಂಚಿನಲ್ಲಿ ಅಕ್ಕ ತಂಗಿ ಇಬ್ಬರು ಕುಳಿತಿದ್ದರು. ತಂಗಿಯ ಮಡಿಲಲ್ಲಿ ತೂತು ಕೊರೆದ ಚಪ್ಪಲಿ ಡಬ್ಬ, ಅದರೊಳಗೆ ಅವರು ಸಾಕಿದ ಬಿಳಿ ಇಲಿ.

“ಮುಚ್ಚಳ ತೆಗೀಬೇಡ ಕಣೆ, ಬೆಳ್ಳಿ ಹೆದರ್ತಾಳೆ.”

“ಉಸಿರಾಡ್ತಿದಾಳಾ ಅಂತ ನೋಡ್ದೆ ಅಕ್ಕ. ಬೆಳಿಗ್ಗೆಯಿಂದ ತಿಣುಕ್ತಿದಾಳೆ, ಒಂದು ಮರೀನೂ ಬರ್ತಿಲ್ಲ.”

“ಮೊದಲ ಮರಿಗಳು ಈಗಷ್ಟೇ ಹಾಲು ಬಿಟ್ಟಿವೆ. ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ಬೇಕು? ಅವನ್ನ ಹೆತ್ತ ದಿನ ಆ ಗಂಡು ಇಲಿ ಗುಂಡನ್ನ ಬೇರೆ ಗೂಡಲ್ಲಿ ಇಡು ಅಂತ ಬಡ್ಕೊಂಡೆ.”

“ಇಟ್ಟಿದ್ದೆ. ಒಂದೇ ಸಮ ಕಂಬಿ ಕಚ್ತಿದ್ದ. ಪಾಪ, ಮಕ್ಕಳ ಮುಖ ನೋಡ್ಲಿ ಅಂತ ಸ್ವಲ್ಪ ಹೊತ್ತು ಒಳಗೆ ಬಿಟ್ಟೆ.”

“ಅವನು ಮಕ್ಕಳ ಮುಖ ನೋಡಕ್ಕೆ ಹೋಗಿದ್ನಾ! ಇಲಿ ಹೆತ್ತ ದಿನಾನೇ ಮತ್ತೆ ಗಬ್ಬ ಆಗುತ್ತೆ ಕಣೆ.”

“ಒಂದೊಂದೇ ಮರೀನ ನೆಕ್ತಿದ್ದ ಅಕ್ಕ. ನೋಡಿ ನಂಗೆ ಅಳುನೇ ಬಂತು.”

“ಈಗ್ಲೂ ಅಳು.”

ತಂಗಿ ಅಳಲಿಲ್ಲ. ನರ್ಸ್ ಬಾಗಿಲು ತೆರೆದಳು.

“ಡಾಕ್ಟ್ರು ಆಗ್ಲೇ ಪರೀಕ್ಷೆ ಮಾಡಿ ನೋಡಿದ್ರಲ್ಲ, ಆಪರೇಷನ್ ಮಾಡಿದ್ರೂ ಉಳಿಯೋದು ಗ್ಯಾರಂಟಿ ಇಲ್ಲ. ಮಾಡ್ದೇ ಇದ್ರೆ ಖಂಡಿತ ಉಳಿಯಲ್ಲ. ಏನ್ಮಾಡ್ಲಿ ಅಂತ ಡಾಕ್ಟ್ರು ಕೇಳ್ತಿದಾರೆ.”

“ಅಕ್ಕ, ನೀನೇ ಹೇಳು.”

“ಅಂಗೈಲಿಟ್ಟು ಬೆಳೆಸಿದವಳು ನೀನು. ನೀನೇ ಹೇಳ್ಬೇಕು.”

“ಹೋದ್ರೆ, ನಾನೇ ಕೊಂದೆ ಅಂತೀಯ.”

“ಅನ್ನಲ್ಲ.”

“ಈಗಷ್ಟೇ ಅಂದ್ಯಲ್ಲ.”

ಅಕ್ಕ ಡಬ್ಬದ ಮುಚ್ಚಳ ಒತ್ತಿ ಸರಿ ಮಾಡಿದಳು.

“ಹೆದರಿಕೆಗೆ ಅಂದೆ ಕಣೆ. ನಾನಾಗಿದ್ರೂ ಗುಂಡನ್ನ ಒಳಗೆ ಬಿಡ್ತಿದ್ದೆ.”

“ಹಾಗಿದ್ರೆ ಮಾಡ್ಲಿ,” ಎಂದು ತಂಗಿ ನರ್ಸ್‌ಗೆ ಹೇಳಿದಳು.

ಅವಳು ಎದ್ದಾಗ ಡಬ್ಬ ವಾಲಿತು. ಅಕ್ಕ ಇನ್ನೊಂದು ತುದಿ ಹಿಡಿದುಕೊಂಡಳು. ಆ ಕಿರಿದಾದ ಬಾಗಿಲಲ್ಲಿ ಇಬ್ಬರೂ ಅಡ್ಡಡ್ಡ ತಿರುಗಿ ಒಳಗೆ ಹೋದರು.