ಓ ಎನ್ನುವವರು

ವೇದಿಕೆಯ ನಡುವಿನ ಕುರ್ಚಿಯನ್ನು ತುಂಬಿರುವ ಅಧ್ಯಕ್ಷರಾದ ಮಿಲಿಂದ ಅವರೇ, ಬೇರೆ ಸಭೆ ಬಿಟ್ಟು ಇಲ್ಲಿಗೆ ಬಂದಿರುವ ಮುಖ್ಯ ಅತಿಥಿಗಳೇ, ನನ್ನ ಹಳೆಯ ವಿದ್ಯಾರ್ಥಿನಿಯೂ ಇಂದಿನ ನಿರೂಪಕಿಯೂ ಆದ ಪ್ರಾಚಿ, ಬೈರಿದೇವರಕೊಪ್ಪದ ನಿವಾಸಿಗಳ ಸಂಘದ ಬಂಧುಗಳೇ, ಸಭಿಕರೇ, ಮತ್ತು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಕುಳಿತಿರುವ ನನ್ನ ಬಡೇಸಾಬನೇ,

ಸನ್ಮಾನಕ್ಕೆ ಮೊದಲು ಎರಡು ಮಾತು ಆಡಿ ಎಂದಿದ್ದೀರಿ. ಮಾಸ್ತರನ ಕೈಗೆ ಮೈಕು ಕೊಟ್ಟು ಎರಡೇ ಮಾತು ಎನ್ನುವುದು, ಹಸಿದವನ ಮುಂದೆ ಗಿರಮಿಟ್ಟು ಇಟ್ಟು ವಾಸನೆ ನೋಡಿದರೆ ಸಾಕು ಎಂದ ಹಾಗೆ. ಆದರೂ ನಾನು ಶಾಲಿಗಾಗಿ ಬಂದವನಲ್ಲ. ಒಂದು ಕೆಲಸಕ್ಕೆ ಜನ ಬೇಕಾಗಿದ್ದಾರೆ, ಕೇಳಿಕೊಳ್ಳಲು ಬಂದಿದ್ದೇನೆ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಮುಚ್ಚಿಹೋದ ಅಂಗಡಿಗಳ ಕಟ್ಟೆಯ ಮೇಲೆ, ಸಂಜೆ ದೀಪ ಹತ್ತುವ ಹೊತ್ತಿಗೆ, ಅಲ್ಲೇ ಮಲಗುವ ಕೆಲವರ ಹೆಸರು ಕೂಗಬೇಕು. ಅಷ್ಟೇ ಕೆಲಸ. ನನ್ನ ನಂತರ ಅದನ್ನು ಯಾರು ಮಾಡುತ್ತೀರಿ?

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ಬೀದಿಬದಿಯವರ ದೀಪ ಎಂದು ಅಚ್ಚು ಹಾಕಿಸಿದ್ದೀರಿ. ದೀಪಗೀಪ ಏನೂ ಅಲ್ಲ. ನಾನು ಸಿಮೆಯೋನ, ವಿದ್ಯಾನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದೆ. ಒಂದು ದಿನ ಸಲೋಮಿ ಉಪ್ಪಿಟ್ಟಿನ ಡಬರಿಯನ್ನು ನನ್ನ ಕೈಗಿಟ್ಟು, "ನಡೀರಿ, ಚರ್ಚಿನ್ಯಾಗ ಹಾಡಿದ್ದು ಸಾಕು, ಹಸದವರ ಜೋಡಿ ಒಂದೀಟು ಕುಂಡ್ರೂಣು" ಎಂದಳು. ಹಾಗೆ ಶುರುವಾಯಿತು.

ನನಗೆ ದೊಡ್ಡ ಉಪದೇಶ ಬರುವುದಿಲ್ಲ. ಯಾರು ಮರೆತರೂ ಯೇಸುಸ್ವಾಮಿಗೆ ನಿನ್ನ ಹೆಸರು ಗೊತ್ತು ಎಂದು ಅವರಿಗೆ ಹೇಳಿದೆ, ಇಷ್ಟೇ ನನ್ನ ಧರ್ಮ. ಅವರನ್ನು ನಿಮ್ಮ ಮತಕ್ಕೆ ಸೇರಿಸಿಕೊಂಡಿರಾ ಎಂದು ನಿಮ್ಮಲ್ಲೇ ಕೆಲವರು ಕೇಳಿದ್ದುಂಟು. ಸ್ವಾಮಿ, ಅಲ್ಲಿ ಸುಳ್ಳ ಗ್ರಾಮದ ಹೊಳೆವ್ವ ಎಂಬ ಮುದುಕಿ ಇದ್ದಾಳೆ, ಇಂದಿಗೂ ಹಣೆಗೆ ಯಲ್ಲಮ್ಮನ ಭಂಡಾರ ಹಚ್ಚಿಕೊಂಡೇ ಆಮೆನ್ ಎನ್ನುತ್ತಾಳೆ. ಬಡೇಸಾಬ ನಮಾಜು ಮುಗಿಸಿ ಬಂದು ಕೂಡುತ್ತಾನೆ. ಯಾರು ಯಾರನ್ನು ಸೇರಿಸಿಕೊಂಡರು, ನೀವೇ ಹೇಳಿ.

ನನಗೆ ಚೆನ್ನಾಗಿ ಬರುವುದೆಂದರೆ ಹಾಜರಿ ಕರೆಯುವುದು. ಹೀಗಾಗಿ ಪ್ರಾರ್ಥನೆಯನ್ನೂ ಹಾಜರಿಯಂತೆ ಮಾಡಿದೆ. ಕಣ್ಣು ಮುಚ್ಚಿ ಒಬ್ಬೊಬ್ಬರ ಹೆಸರು ಕೂಗುವುದು, ಅವರು ಓ ಎನ್ನುವುದು, ಅವರನ್ನು ದೇವರಿಗೆ ಒಪ್ಪಿಸಿ ಮುಂದಿನ ಹೆಸರು ಕೂಗುವುದು. ಕೊನೆಗೆ ಸಲೋಮಿಯ ಹೆಸರು, ಅದರ ಹಿಂದೆ ನನ್ನದು. ನನ್ನ ಹೆಸರಿಗೆ ನಾನೇ ಓ ಎಂದಾಗ ಎಲ್ಲರೂ ನಗುತ್ತಿದ್ದರು. ಪ್ರಾಚಿ, ನೀನು ಗೆಳತಿಯ ಹಾಜರಿ ಹೇಳಿದಾಗ ನಾನು ಹಲಗೆಯ ಕಡೆ ಮುಖ ಮಾಡಿಕೊಂಡೇ ಹಿಡಿದಿದ್ದೆನಲ್ಲ, ನೆನಪಿದೆಯೇ? ಅಂಥ ಕಿವಿ ನನ್ನದು ಎಂಬ ಜಂಬ ನನಗಿತ್ತು.

ಮೈಲಾರಪ್ಪ ಎಂಬ ಹಮಾಲ ಇದ್ದ, ಬೆನ್ನು ನೋವಿನಿಂದ ಮೂಟೆ ಹೊರುವುದನ್ನು ಬಿಟ್ಟವನು. ಒಂದು ಬೆಳಿಗ್ಗೆ ಪೊಲೀಸರು ನನ್ನನ್ನು ಶವಾಗಾರಕ್ಕೆ ಕರೆಸಿದರು. ಗುರುತು ಹಿಡಿದೆ, ಮೈಲಾರಪ್ಪನೇ. ಸತ್ತು ವಾರವಾಯಿತು, ವಾರಸುದಾರರಿಲ್ಲ ಎಂದರು. ಸಭಿಕರೇ, ಹಿಂದಿನ ಸಂಜೆ ನಾನು ಮೈಲಾರಪ್ಪ ಎಂದು ಕೂಗಿದಾಗ ಓ ಎಂದು ಕೇಳಿಸಿತ್ತು. ಅದರ ಹಿಂದಿನ ಸಂಜೆಯೂ ಕೇಳಿಸಿತ್ತು. ಗಂಟಲಲ್ಲಿ ಕಫ ಕಟ್ಟಿದ ಅವನದೇ ದನಿ. ಮಬ್ಬುಗತ್ತಲಲ್ಲಿ ನಾನು ಮುಖ ನೋಡದೆ ದನಿಯನ್ನೇ ನಂಬಿದವನು.

ಅಂದು ಸಂಜೆ ಕಣ್ಣು ತೆರೆದುಕೊಂಡೇ ಕೂಗಿದೆ. ಓ ಎಂದವಳು ಹೊಳೆವ್ವ. ಅವಳದು ಒಣಗಿದ ಸಣ್ಣ ದನಿ. ಆದರೆ ಅವಳ ಬಾಯಿಂದ ಹೊರಟದ್ದು ಮೈಲಾರಪ್ಪನ ದನಿ. ಇದೇನವ್ವಾ ಎಂದು ಕೇಳಿದರೆ, ಸಂತೆಯಲ್ಲಿ ಬದನೆಕಾಯಿಯ ಧಾರಣೆ ಹೇಳುವಷ್ಟು ನಿರಾಳವಾಗಿ ಹೇಳಿದಳು.

"ಹೆಸರ ಕೂಗಿದಾಗ ಯಾರೂ ಓ ಅನಲಿಲ್ಲಂದ್ರ, ಇಂವ ಬರೂದಿಲ್ಲಂತ ತಿಳದು ದೇವರು ಬಾಗಲಾ ಹಾಕ್ಕೊಂಡಾನಲ್ರಿ ಮಾಸ್ತರ. ಹಾದಿ ದೂರ ಐತಿ. ಅಂವ ಹೋಗಿ ಮುಟ್ಟೂ ತನಕ ಇಲ್ಲೆ ಯಾರರೆ ಓ ಅನಬೇಕು."

ಮುಟ್ಟಿದ್ದು ನಿಮಗೆ ಹೇಗೆ ತಿಳಿಯುತ್ತದೆ ಎಂದೆ. ಮುಟ್ಟಿದ ದಿನ ನಮ್ಮ ಬಾಯಲ್ಲಿ ಅವರ ದನಿ ಹೊರಡುವುದಿಲ್ಲ ಎಂದಳು. ಹಾಗೇ ಆಯಿತು. ಕೆಲವು ದಿನಗಳ ಮೇಲೆ ಮೈಲಾರಪ್ಪನ ಹೆಸರಿಗೆ ಹೊಳೆವ್ವ ಬಾಯಿ ತೆರೆದಳು, ಏನೂ ಬರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಈ ವಿಷಯ ನಾನು ಯಾವ ಧರ್ಮಗ್ರಂಥದಲ್ಲೂ ಓದಿರಲಿಲ್ಲ. ನಮ್ಮ ಪಾದ್ರಿಯವರ ಮುಂದೆ ಹೇಳಿದೆ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

ಕಳೆದ ಶ್ರಾವಣದಲ್ಲಿ ಸಲೋಮಿ ಹೋದಳು. ಇದನ್ನು ಇಲ್ಲಿ ಎತ್ತಬಾರದೆಂದು ಮನೆಯಿಂದ ಹೊರಡುವಾಗ ನಿಶ್ಚಯಿಸಿದ್ದೆ, ಇರಲಿ. ಮಣ್ಣು ಮಾಡಿದ ಸಂಜೆಯೇ ಕಟ್ಟೆಗೆ ಹೋದೆ, ಮನೆಯಲ್ಲಿ ಇರಲಾಗಲಿಲ್ಲ. ಯಾರಿಗೂ ಸುದ್ದಿ ಹೇಳಲಿಲ್ಲ. ಕಣ್ಣು ಮುಚ್ಚಿ ಎಲ್ಲರ ಹೆಸರು ಕೂಗಿ, ರೂಢಿಯ ಮೇಲೆ ಸಲೋಮಿ ಎಂದುಬಿಟ್ಟೆ.

ಓ ಎಂದಳು. ಅಡಿಗೆಮನೆಯಲ್ಲಿ ಸೌಟು ಹಿಡಿದು ನಿಂತಾಗ, ಈಗ ಮತ್ತೇನು ಬೇಕು ಎಂಬ ಬೇಸರದಲ್ಲಿ ಎನ್ನುತ್ತಿದ್ದಳಲ್ಲ, ಅದೇ ಓ. ನಾನು ಕಣ್ಣು ತೆರೆಯಲಿಲ್ಲ. ತೆರೆಯಬೇಕಿತ್ತೇ? ನೀವಾಗಿದ್ದರೆ ತೆರೆಯುತ್ತಿದ್ದಿರಾ? ಆ ಒಂದು ಓ ಕೇಳಲೆಂದೇ ಮಳೆಯಲ್ಲೂ ಜ್ವರದಲ್ಲೂ ಹೋದೆ. ನೀವು ಅದನ್ನು ಸೇವೆ ಎಂದುಕೊಂಡಿರಿ. ಒಂದು ಸಂಜೆ ಕೂಗಿದರೆ ಬಸ್ಸಿನ ಹಾರ್ನು ಮಾತ್ರ ಕೇಳಿಸಿತು. ಹೊಳೆವ್ವ ನನ್ನ ಕೈ ಹಿಡಿದು, "ಅಕ್ಕಾರು ಮುಟ್ಟಿದರ್ರಿ" ಎಂದಳು. ಸಂತೋಷಪಡಬೇಕಾದ ಮಾತು. ನಾನು ಸಣ್ಣ ಹುಡುಗರ ಹಾಗೆ ಅತ್ತೆ.

ಹೋದ ತಿಂಗಳಿನ ಮಾತು. ಎಂದಿನಂತೆ ಕೊನೆಗೆ ನನ್ನ ಹೆಸರು ಕೂಗಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ದನಿ ಓ ಎಂದಿತು. ಅದು ನನ್ನ ಬಾಯಿಂದ ಬಂದದ್ದಲ್ಲ. ಕಣ್ಣು ಬಿಟ್ಟರೆ ಬಡೇಸಾಬ ತಲೆ ತಗ್ಗಿಸಿ ಕೂತಿದ್ದ. ಇನ್ನೂ ವೇಳೆ ಆಗಿಲ್ಲ, ಯಾಕೆ ಅವಸರ ಮಾಡುತ್ತೀ ಎಂದು ಹೊಳೆವ್ವ ಅವನಿಗೆ ಬೈಯುತ್ತಿದ್ದಳು.

"ತಪ್ಪು ತಿಳಕೋಬ್ಯಾಡ್ರಿ ಮಾಸ್ತರ," ಎಂದ ಅವನು, "ರೂಢಿ ಆಗಲಿ ಅಂತ ಅಂದ್ನಿ."

ಅದೇ ದಿನ ಮುಂಜಾನೆ ಡಾಕ್ಟರು ನನ್ನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದಿದ್ದರು. ಅದನ್ನು ನಾನು ಮಗಳಿಗೂ ಹೇಳಿರಲಿಲ್ಲ. ಈಗ ಇಷ್ಟು ಜನಕ್ಕೆ ಹೇಳಿದಂತಾಯಿತು.

ನನಗೆ ಹೆದರಿಕೆ ಇದೆ. ಸಾಯುವ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ, ಅದೂ ಇದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಓ ಎನ್ನುವವರು ಸಿದ್ಧರಿದ್ದಾರೆ, ಕೂಗುವವರೇ ಇಲ್ಲ. ಅವರವರೇ ಕೂಗಿಕೊಂಡರೆ ಆಗುವುದಿಲ್ಲವಂತೆ, ಹೊಳೆವ್ವ ಖಂಡಿತ ಹೇಳಿದ್ದಾಳೆ, ಹೊರಗಿನವರು ಬಂದು ಕೂಗಬೇಕಂತೆ. ನನ್ನ ಹೆಸರನ್ನು ಯಾರೂ ಕೂಗದಿದ್ದರೆ ಬಡೇಸಾಬ ಯಾವುದಕ್ಕೆ ಓ ಎನ್ನಬೇಕು? ನಾನು ನಡುಹಾದಿಯಲ್ಲೇ ನಿಂತುಬಿಟ್ಟರೆ ಸಲೋಮಿ ಆ ಬಾಗಿಲಲ್ಲಿ ಎಷ್ಟು ಹೊತ್ತು ಕಾಯಬೇಕು? ಹಾಡು ಬೇಡ, ಉಪದೇಶ ಬೇಡ, ನಿಮ್ಮ ದೇವರು ಯಾರೇ ಇರಲಿ. ಹೆಸರು ಕೂಗಿ, ಓ ಬರುವ ತನಕ ನಿಂತರೆ ಸಾಕು.

ಉಪ್ಪಿಟ್ಟಿಗೆ ರವೆ ಕೊಟ್ಟವರಿಗೆ, ಈ ಸಭೆಗೆ ಕರೆದವರಿಗೆ, ಇಷ್ಟು ಹೊತ್ತು ನನ್ನ ಕೆಮ್ಮನ್ನು ಸಹಿಸಿಕೊಂಡವರಿಗೆ ಮನಸಾರೆ ವಂದನೆಗಳು. ಪ್ರಾಚಿ, ಇನ್ನು ಸನ್ಮಾನಕ್ಕೆ ನೀನು ನನ್ನ ಹೆಸರು ಕೂಗಬೇಕು. ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ. ಓ ಎಂಬುದು ಈ ವೇದಿಕೆಯಿಂದ ಬಂದರೆ ಶಾಲನ್ನು ನನಗೆ ಹೊದಿಸಿ. ಬಾಗಿಲ ಕಡೆಯಿಂದ ಬಂದರೆ ಯಾರೂ ಗಾಬರಿಯಾಗಬೇಡಿ, ಶಾಲನ್ನು ಬಡೇಸಾಬನಿಗೆ ಹೊದಿಸಿ. ಮತ್ತು ಪ್ರಾಚಿ, ನಾಳೆ ಸಂಜೆ ನೀನೇ ಕಟ್ಟೆಗೆ ಬಾ.

ಎಲ್ಲರಿಗೂ ನಮಸ್ಕಾರ.