ರಿಚರ್ಡ್ಸ್ ಟೌನಿನ ಮೂರು ಟಿಕ್

ಇದು ನಮ್ಮ ಪಕ್ಕದ ಮನೆ ರಿಜ್ವಾನನ ಕಣ್ಣೆದುರಿಗೇ ನಡೆದದ್ದು. ಬಾಗಿಲು ಹಾಕ್ಕೊಂಡು ಬನ್ನಿ, ನಿಧಾನವಾಗಿ ಹೇಳ್ತೀನಿ.

ರಾತ್ರಿ ಹನ್ನೊಂದೂವರೆ. ರಿಜ್ವಾನ್ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಸಿಸಿಟಿವಿ ಕ್ಯಾಮೆರಾ ರಿಪೇರಿ ಮುಗಿಸಿ ನಡೆದು ಬರ್ತಿದ್ದ. ನಮ್ಮ ಬೀದಿ ಮೂಲೆಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ ಇದೆಯಲ್ಲ, ಅದನ್ನು ದಾಟಿದ… ಅವರ ಮನೆ ಕಿಟಕಿಯಿಂದ ಸದ್ದು. ಟಿಕ್… ಟಿಕ್… ಟಿಕ್. ಆಮೇಲೆ ಒಲೆ ಹೊತ್ತಿದ ‘ಭುಸ್’. ತವಾ ಇಟ್ಟ ‘ಠಣ್’.

ಅವನು ಅಲ್ಲೇ ನಿಂತ.

ಆ ಮೂರು ಟಿಕ್ ಅವನ ಭಾವ ಆದಿಲನದು. ಆದಿಲ್ ಕೆ.ಆರ್.ಪುರದಿಂದ ಬರುವಾಗ ಬೈಕಿನಿಂದ ಬಿದ್ದು ತೀರಿಹೋಗಿ ಎರಡು ತಿಂಗಳಾಗಿತ್ತು. ಇದ್ದಾಗ, ಎಲ್ಲೇ ಕೆಲಸ ಮುಗಿಯಲಿ, ಹೊರಡೋ ಮುಂಚೆ ಲ್ಯಾಪ್‌ಟಾಪಿನಿಂದ ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಸಂಕೇತ ಕಳಿಸಿ ಮೂರು ಸಲ ತಟ್ಟೋನು. ಅದು ಟಿಕ್ ಅಂದರೆ ಹೆಂಡತಿ, ಅಂದ್ರೆ ರಿಜ್ವಾನನ ಅಕ್ಕ ಮೆಹರುನ್ನೀಸಾ, ರೊಟ್ಟಿಗೆ ತವಾ ಇಡೋಳು.

ಪೆಟ್ಟಿಗೆಯ ಐಪಿ ನಂಬರು, ಅಂದ್ರೆ ಇಂಟರ್ನೆಟ್ಟಿನಲ್ಲಿ ಅದರ ವಿಳಾಸ, ಆದಿಲನ ಸ್ವಂತದ್ದು, ಅವನ ಹೆಸರಿಗೇ ಪಡೆದದ್ದು. ಕಂಪನಿ ಕೊಡೋ ನಂಬರು ಬಾಡಿಗೆ ಮನೆ ಇದ್ದಂಗೆ ನೋಡಿ, ಕಂಪನಿ ಬಿಟ್ಟರೆ ನಂಬರೂ ಹೋಯ್ತು. ಇದು ಹಾಗಲ್ಲ. “ವೈರು ಯಾರದಾದ್ರೂ ಇರ್ಲಿ, ವಿಳಾಸ ನಮ್ಮದು ಕಣೋ” ಅಂತ ಮೆರೆಯೋನು.

“ಆಪಾ… ಯಾರಿಗೆ ರೊಟ್ಟಿ?” ರಿಜ್ವಾನ್ ಒಳಗೆ ಬಂದು ಪಿಸುಗುಟ್ಟಿದ.

“ಹೊರಟಿದ್ದಾರೆ. ಕೇಳಿಸ್ಲಿಲ್ವಾ?”

ಅವತ್ತಿಂದ ದಿನಾ ಹೀಗೇ. ಅವಳು ಉಣ್ಣದೆ ಕಾಯ್ತಾಳೆ, ಬೆಳಗ್ಗೆ ರೊಟ್ಟಿ ಒಣಗಿರುತ್ತೆ. ಅಕ್ಕ ಕಡ್ಡಿಯಾಗಿದ್ದಳು.

ಲೈನಿನ ದೋಷ ಅಂತ ರಿಜ್ವಾನ್ ಇಂಟರ್ನೆಟ್ ಕಂಪನಿಯನ್ನೇ ಬದಲಾಯಿಸಿದ. ಆದರೆ ಕಸುಬಿನ ಅಭ್ಯಾಸ ಬಿಡುತ್ತಾ? ಗಿರಾಕಿಗಳ ಕ್ಯಾಮೆರಾ ಎಲ್ಲ ಆ ನಂಬರಿಗೇ ಸೇರಿದ್ದವು, ಹೊಸ ವೈರಿಗೂ ಅದನ್ನೇ ಹಾಕಿಸಿದ. ಅವತ್ತು ರಾತ್ರಿ… ಟಿಕ್. ಟಿಕ್. ಟಿಕ್.

ಎರಡು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು. “ಪೆದ್ದು… ವಿಳಾಸ ನಮ್ಮದಲ್ವಾ?”

ಮಾರನೆ ದಿನ ಮನಸ್ಸು ಕಲ್ಲು ಮಾಡಿ ಆ ನಂಬರನ್ನೇ ತೆಗೆಸಿದ.

“ಬೇಡ ಕಣೋ… ಅವರು ಎಲ್ಲಿ ಅಂತ ಹುಡುಕ್ತಾರೆ?”

“ನೀನು ಬದುಕಬೇಕು, ಆಪಾ.”

ಹನ್ನೊಂದೂವರೆ ಆಯಿತು. ಪೆಟ್ಟಿಗೆ ಸುಮ್ಮನಿತ್ತು. ಹನ್ನೆರಡು… ತವಾ ತಣ್ಣಗೆ. ಅವಳು ಚಿಲಕದ ಮೇಲೆ ಕೈ ಇಟ್ಟು ಕೂತೇ ಇದ್ದಳು.

ಬಾವಿ ಕಡೆಯಿಂದ ಯಾವುದೋ ಮನೆ ಬೆಲ್ಲು. ಮೂರು ಸಲ. ಅದರ ಪಕ್ಕದ ಮನೆ. ಮೂರು ಸಲ. ಇನ್ನೂ ಹತ್ತಿರ… ಎಡಗಡೆ ಮನೆ. ಮೂರು ಸಲ.

ಬಾಗಿಲು ತೆರೆದಳು. “ಇಲ್ಲೇ… ರೀ, ಇಲ್ಲೇ…”

ಬೀದಿ ಖಾಲಿ. ಮುಂದಿನ ಬೆಲ್ಲು ಬಲಗಡೆ ಮನೆಯದು. ಆಮೇಲೆ ಅದರಾಚೆಯದು. ಆಮೇಲೆ ಕೇಳಿಸಲಿಲ್ಲ.

ಬೆಳಗಾಗೋದಕ್ಕೆ ಮುಂಚೆ ರಿಜ್ವಾನ್ ಹಳೇ ನಂಬರು ವಾಪಸ್ ಹಾಕಿಸಿದ. ಪೆಟ್ಟಿಗೆ ಮತ್ತೆ ಟಿಕ್ ಅನ್ನಲಿಲ್ಲ. ಅವಳು ಇವತ್ತಿಗೂ ಹನ್ನೊಂದೂವರೆಗೆ ತವಾ ಇಡ್ತಾಳೆ.

ನಂಬೋದು ಬಿಡೋದು ನಿಮ್ಮಿಷ್ಟ. ಆ ಬಲಗಡೆ ಮನೆ ನನ್ನದೇ. ಮೂರು ಸಲ ಬೆಲ್ಲು ಕೇಳಿ ಎದ್ದು ಕೂತವನು ನಾನೇ. ಬಣ್ಣ ಹೊಡೆಯೋರು ಆ ಬೆಲ್ಲಿನ ವೈರು ಕಿತ್ತು ಆರು ತಿಂಗಳಾಗಿತ್ತು… ನೋಡಿ, ಇನ್ನೂ ಗೋಡೆ ಮೇಲೆ ನೇತಾಡ್ತಿದೆ.