ಬಿಚ್ಚಿ ನೋಡದ ಗಂಟು

ಕಂದೀಲ ಸಣ್ಣ ಮಾಡ್ರಿ. ಇನ್ನೂ ಸಣ್ಣ… ಹಾಂ, ಸಾಕು. ನಗೂದಿದ್ರ ಈಗಽ ನಕ್ಕು ಮುಗಸ್ರಿ. ಸುರು ಮಾಡಿದ ಮ್ಯಾಲೆ ಯಾರರ ಹಲ್ಲ ಕಿಸದ್ರ ನಾ ಎದ್ದು ಹೋಗಾಕಿ, ಮೊದಲಽ ಹೇಳಿರ್ತೇನಿ. ಇದು ನನ್ನ ಕಾಕಾನ ಮಗ ಬಸ್ತ್ಯಾಂವಗ ಆಗಿದ್ದು. ಅರ್ಧಾ ಅಂವ ಹೇಳಿದ್ದು, ಅರ್ಧಾ ಈ ಲೂಸಿ ಕಣ್ಣಾರೆ ಕಂಡಿದ್ದು.

ಅವತ್ತ ಅಂವ ದಾಂಡೇಲಿಯಿಂದ ಕಡೀ ಬಸ್ಸಿಗೆ ಬಂದು ಕ್ರಾಸಿನಾಗ ಇಳದ. ಹಳಿಯಾಳ ರೋಡ ಬಿಟ್ಟು ನಮ್ಮ ವಾಡಾಕ್ಕ ಬರಬೇಕಂದ್ರ ಸಾಗವಾನಿ ಗಿಡದ ನಡುವ ನಡೀಬೇಕು. ನಡುದಾರ್ಯಾಗ ಆಲದ ಮರ, ಅದರ ಬುಡಕ್ಕ ಹಳೇ ಬಾವಿ. ಆ ಬಾವಿ ಬತ್ತಿ ಎಷ್ಟ ವರ್ಷ ಆಗಿತ್ತೋ ಏನೋ. ಹಗ್ಗ ಇಲ್ಲ, ಕೊಡ ಇಲ್ಲ. ನೀರ ಸೇದೂ ಗಡಗಡಿ ಒಂದು ತುಕ್ಕ ಹಿಡದು ಮ್ಯಾಲೆ ನಿಂತಿತ್ತು, ಅಷ್ಟಽ.

ಬಗಲಾಗ ಚೀಲ, ಕೈಯಾಗ ಬ್ಯಾಟ್ರಿ. ಭರಾಭರಾ ನಡದಾನ. ಮರ ದಾಟೂವಾಗ…

ಕಿರ್ರ್… ಕಿರ್ರ್…

ಗಡಗಡಿ ತಿರಗಾಕ ಹತ್ತೇತಿ. ಗಾಳಿ ಇಲ್ಲ. ಒಂದ ಎಲಿ ಅಳ್ಳಾಡವಲ್ಲದು. ಕಿರ್ರ್… ಕಿರ್ರ್… ಆಮ್ಯಾಲೆ ಕೆಳಗ, ಆ ಬತ್ತಿದ ಬಾವ್ಯಾಗ, ದುಬುಕ್ ಅಂತ ಕೊಡ ಮುಳಗಿದ ಸಪ್ಪಳ.

ಹಿಂದಿನಿಂದ ಮೆಲ್ಲಕ ಒಂದು ದನಿ. "ಏನ ತಂದ್ರಿ?"

ರೂಢಿ ನೋಡ್ರಿ, ಅವನ ಬಾಯಿ ತಾನಽ ಹೇಳಿಬಿಡ್ತು. "ಸೀಡಿ ತಂದೇನಿ."

"ಬಿಚ್ಚಿ ನೋಡಿದ್ರೇನು?"

ಆ ದನಿ ಯಾರದು ಅಂತ ಅಂವಗ ಗೊತ್ತಾತು. ಗೊತ್ತಾಗೇ ಓಡಿದ. ಬ್ಯಾಟ್ರಿ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಬಿತ್ತೋ, ಖಬರ ಇಲ್ಲ.

ಜೆಸ್ಸಿಕಾ. ಅವನ ಹೆಂಡ್ತಿ. ಅದಽ ವರ್ಷ ಮಳಿಗಾಲದಾಗ ಕಾಮಣಿ ಬ್ಯಾನಿ ಆಗಿ ತೀರಿಕೊಂಡಾಕಿ. ಬಂಗಾರದಂಥಾ ಹುಡುಗಿ, ಖರೆ ಬಾಯಿ ಮಾತ್ರ ಹರಿತ. ಅಡವಿ ದಾರಿ ಮನಿಗೊಳಿಗೆ ನಮ್ಮ ಕಡೆ ಒಂದು ರೂಢಿ ಐತೆಲ್ಲ, ಅಕಿ ಅದನ್ನ ಒಂದ ದಿನ ಬಿಟ್ಟಾಕಿ ಅಲ್ಲ. ಹೊತ್ತ ಮುಳಗಿದ ಮ್ಯಾಲೆ ಬಾವಿ ದಾಟಿ ತಂದ ಗಂಟು ನೆಟ್ಟಗ ಒಳಗ ಒಯ್ಯೂದಿಲ್ಲ. ಅಂಗಳದಾಗ ಗೋಣಿಚೀಲ ಫಟ್ ಫಟ್ ಅಂತ ಝಾಡಿಸಿ ಹಾಸಬೇಕು. ಗಂಟ ಬಿಚ್ಚಿ ಒಂದೊಂದ ಸಾಮಾನು ಅದರ ಮ್ಯಾಲಿಟ್ಟು ನೋಡಬೇಕು. ಬೇಕಾದ್ದು ಗೋಣಿ ಮ್ಯಾಲೆ. ಬ್ಯಾಡಾದ್ದು ಬರೀ ನೆಲಕ್ಕ. ಒಂದ ಸಲ ಕಟಗಿ ಹೊರ್ಯಾಗ ಮಂಡಲದ ಹಾವು ಹೊಂಟಿತ್ತು, ಅವತ್ತಿನಿಂದಂತೂ ರೇಶನ್ ಚೀಲಾನೂ ಬಿಚ್ಚಸ್ತಿದ್ಲು. "ಏನ ತಂದ್ರಿ? ಬಿಚ್ಚಿ ನೋಡಿದ್ರೇನು?" ದಿನಾ ಇದಽ ಮಾತು. ಬಸ್ತ್ಯಾಂವ ಬೈಕೋಂತ ಬಿಚ್ಚಾಂವ.

ಅಕಿ ಹ್ವಾದ್ಲು. ಮಗಳು ರೀನಾ ಉಳೀತು, ಇನ್ನೂ ಸಾಲಿಗೆ ಹೋಗದ ಕೂಸು. ಅವ್ವನ ಹಾಡ ಇಲ್ಲದ ಒಂದ ತುತ್ತ ನುಂಗಾಂಗಿಲ್ಲ, ಕಣ್ಣ ಮುಚ್ಚಾಂಗಿಲ್ಲ. ಬಸ್ತ್ಯಾಂವ ದಾಂಡೇಲ್ಯಾಗ ಕಂಪ್ಯೂಟರ್ ರಿಪೇರಿ ಮಾಡಾಂವ, ಮನ್ಯಾಗೂ ಒಂದು ಹಳೇ ಕಂಪ್ಯೂಟರ್ ಇಟ್ಕೊಂಡಿದ್ದ. ಜೆಸ್ಸಿಕಾ ಇದ್ದಾಗ ಚ್ಯಾಷ್ಟಿಗೆ ಅಂತ ಅಕಿ ಹಾಡೂ ಜೋಗುಳ ಮೈಕಿನಾಗ ಹಿಡದಿದ್ದ. ಈಗ ಅದನ್ನ ಹಚ್ಚಿದ್ರ ಕೂಸು ಉಣ್ಣೂದು, ಮಲಗೂದು. ಕೇಳೂ ನಮಗ ಕರಳ ಚುರ್ ಅಂತಿತ್ತು.

ಆಮ್ಯಾಲೆ ಕಂಪ್ಯೂಟರ್ ಕೆಟ್ಟು, ಅಂವ ಅದಕ್ಕ ಹೊಸಾ ಲಿನಕ್ಸ್ ಹಾಕಿದ, ಕಂಪ್ಯೂಟರ್ ನಡಸೂದಽ ಅದಂತ. ಹಾಡಿನ ಫೈಲೇನೋ ಉಳೀತು, ಆದ್ರ ಹಾಡವಲ್ಲದು. ಆ ನಮೂನಿ ಫೈಲು ಹಾಡಸೂ ಪ್ಯಾಕೇಜ್ ಹೊಸದರಾಗ ಇರಲಿಲ್ಲಂತ. ಕೂಸು ಊಟಾ ಬಿಡ್ತು. ಗಂಜಿ ಹಾಕಿದ್ರ ಉಗಳೂದು. ಕಣ್ಣು ಒಳಗ ಹೋದ್ವು, ಅಳಾಕೂ ತ್ರಾಣ ಇಲ್ಲ. ಡಾಕ್ಟರು ಅಂದ್ರು, "ರೋಗ ಏನಿಲ್ಲ, ಹೊಟ್ಟಿಗೆ ಬೀಳಬೇಕು. ಹಿಂಗಽ ಆದ್ರ ನನ್ನ ಕೈಯಾಗೂ ಇಲ್ಲ."

"ಹಾಡ ಇದ್ದ ಡಿಸ್ಕ್ ಬಿಚ್ಚಿ ದಾಂಡೇಲಿಗೆ ಒಯ್ಯೋ, ಅಲ್ಲೇ ತಗಸು" ಅಂದೆ ನಾನು.

"ಬಸ್ಸಿನ ಕುಲುಕಾಟಕ್ಕ ಕೆಟ್ರ, ಲೂಸಕ್ಕಾ? ಅದರದು ಇನ್ನೊಂದು ನಕಲಿಲ್ಲ, ಈ ಹಳೇ ಮಷೀನಿನಾಗ ನಕಲ ತಗ್ಯಾಕೂ ಬರೂದಿಲ್ಲ. ಅಕಿದು ನನ್ನ ಹಂತ್ಯಾಕ ಅದೊಂದಽ ಐತಿ" ಅಂತ ಗ್ವಾಡಿಗೆ ತಲಿ ಕೊಟ್ಟು ಅತ್ತ. ಗಂಡಸು ಹಂಗ ಅತ್ತಿದ್ದು ನಾ ಅದಽ ಮೊದಲ ನೋಡಿದ್ದು.

ಅದಕ್ಕಽ ಅವತ್ತ ದಾಂಡೇಲಿಗೆ ಹೋಗಿ, ಜಾವೇದನ ಸೈಬರ್ ಅಂಗಡ್ಯಾಗ ಆ ಹಾಡಸೂ ಪ್ಯಾಕೇಜ್ ನೆಟ್ಟಿನಿಂದ ಇಳಿಸಿ ಸೀಡಿ ಮಾಡಿಸ್ಕೊಂಡಿದ್ದ. ತಯಾರ ಪ್ಯಾಕೇಜ್ ಅಲ್ಲ, ಅದನ್ನ ಕಟ್ಟೂ ಸಾಮಾನು ಅಷ್ಟಽ, ಬಿಡಿ ಬಿಡಿ ಫೈಲು. ಮನ್ಯಾಗ ಕಟ್ಕೋಬೇಕು. ಜಾವೇದ ಬೆನ್ನ ಹತ್ತಿ ಹೇಳಿದ್ನಂತ, "ಭಾಯಿ, ಇದನ್ನ ಯಾರ ಬರದಾರೋ ಗೊತ್ತಿಲ್ಲ. ರೂಟ್ ಆಗಿ ಕಟ್ಟಬ್ಯಾಡ. ಸಾದಾ ಯೂಸರ್ ಮಾಡ್ಕೊ, ಬ್ಯಾರೆ ಜಾಗಾದಾಗ ಕಟ್ಟು. ಒಳಗೇನೈತಿ ನೋಡು, ಆಮ್ಯಾಲೆ ಹಾಕು." ಈ ರೂಟ್ ಅಂದ್ರೇನಂತ ಮುಂದ ಹೇಳ್ತೇನಿ. ಇವನ ಕಿವಿಗೆ ಎಲ್ಲಿ ಬೀಳಬೇಕು? ಬಸ್ಸಿಗೆ ಓಡೂ ಗದ್ದಲದಾಗ ಔಷಧ ಅಂಗಡ್ಯಾಗ ಕೂಸಿಗೆ ಶಕ್ತಿ ಟಾನಿಕ್ ಕೇಳಿದ. ಕಾಗದದಾಗ ಸುತ್ತಿ ಕೊಟ್ರು. ಅದನ್ನೂ ನೋಡದನಽ ಚೀಲಕ್ಕ ತುರಕಿದ.

ಈಗ ಮನಿಗೆ ಬರ್ರಿ. ಕೂಸಿನ್ನ ನೋಡ್ಕೊಳ್ಳಾಕ ಅವತ್ತ ನಾನಽ ಅವನ ಮನ್ಯಾಗಿದ್ದೆ. ಬರಗಾಲಿಲೆ ಓಡಿ ಬಂದು ಅಂಗಳದಾಗ ನಿಂತಾನ, ಎದಿ ಡವ ಡವ ಅನ್ನೂದು ನನಗ ಕೇಳಸ್ತೈತಿ.

"ಚೀಲ ಹೊರಗಿಡೋ ಬಸ್ತ್ಯಾ. ಬಿಚ್ಚಿ ನೋಡಿ ಒಳಗ ತಾ" ಅಂದೆ.

ಅಂವ ನನ್ನ ಮಾರಿ ನೋಡಿದ್ದು ನೋಡಬೇಕಿತ್ತು ನೀವು. "ನೀನೂ ಅದನ್ನಽ ಅಂತೀಯಲ್ಲ! ಸೀಡ್ಯಾಗ ಹಾವ ಇರ್ತೈತೇನು?" ಅಂತ ಚೀರಿ, ನೆಟ್ಟಗ ಒಳಗ ಬಂದು, ಸೀಡಿ ತಗದು, ಚೀಲ ಗೂಟಕ್ಕ ಹಾಕಿದ. ನಾನಽ ಬಾಗಲಾ ಮುಚ್ಚಿ ಅಗಳಿ ಹಾಕಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಂಗಽ. ಆದ್ರ ತೊಡಿಮ್ಯಾಲೆ ಕೂಸು ಜೋತಬಿದ್ದಾಗ ಯಾರ ಬುದ್ಧಿ ನೆಟ್ಟಗಿರ್ತೈತಿ ಹೇಳ್ರಿ?

ಆ ಲಿನಕ್ಸಿನಾಗ ರೂಟ್ ಅಂತ ಒಬ್ಬ ಯಜಮಾನ ಇರ್ತಾನಂತ. ಆ ಹೆಸರಿಂದ ಹೊಕ್ಕರ ಯಾರೂ ತಡಿಯಾಂಗಿಲ್ಲ, ಏನ್ ಮಾಡಿದ್ರೂ ಕೇಳಾಂಗಿಲ್ಲ. ಮನಿಗೆ ಬೆಂಕಿ ಹಚ್ಚಂದ್ರ ಹಚ್ಚತೈತಿ. ಬಸ್ತ್ಯಾಂವ ರೂಟ್ ಆಗಿ ಕುಂತ. ಟಕ್ ಟಕ್ ಟಕ್ ಅಂತ ಕಟ್ಟೂ ಹುಕುಂ ಬರದ. ಇನ್ನ ಎಂಟರ್ ಒತ್ತೂದಽ ಬಾಕಿ. ಬಟ್ಟ ಎತ್ತಿದ…

ಫಟ್… ಫಟ್…

ಅಂಗಳದಾಗ. ಗೋಣಿಚೀಲ ಝಾಡಿಸಿದ ಸಪ್ಪಳ. ಆಮ್ಯಾಲೆ ಸರ್ರ್ ಅಂತ ನೆಲಕ್ಕ ಹಾಸಿದ್ದು.

ಟಿಂಗ್. ಬಲ್ಬ ಹೋತು. ಗುಂಯ್ ಅಂತಿದ್ದ ಕಂಪ್ಯೂಟರ್ ಸುಮ್ಮನಾತು.

ಕರೆಂಟ್ ಬಂತು. ಮತ್ತ ಚಾಲೂ ಮಾಡಿದ, ಮತ್ತ ರೂಟ್ ಆದ, ಮತ್ತ ಹುಕುಂ ಬರದ, ಬಟ್ಟ ಎತ್ತಿದ… ಫಟ್… ಫಟ್… ಸರ್ರ್. ಟಿಂಗ್. ಕತ್ತಲಿ. ಬಾಜೂ ಮನ್ಯಾಗ ದೀಪ ಉರ್ಯಾಕ ಹತ್ತೇತಿ, ಕಿಂಡ್ಯಾಗಿಂದ ಕಾಣಸ್ತೈತಿ! ನಮ್ಮದಽ ಹೋಗೂದು.

ಬಸ್ತ್ಯಾಂವ ಎದ್ದು ಬಾಗಲಾ ಬಡದ. "ಯಾಕ ಕಾಡ್ತೀಯೇ? ನಿನ್ನ ಮಗಳಽ ಸಾಯಾಕ ಹತ್ತೇತಿ! ನಿನ್ನ ಹಾಡ ಕೇಳಸಾಕ ಒದ್ದಾಡಾಕತ್ತೇನಿ ನಾನು… ಬಿಡು ನನ್ನ!"

ಮತ್ತೊಮ್ಮೆ ಬಡದ.

"ಯಾರ ಜೋಡಿ ಮಾತಾಡ್ತೀಯೋ?" ಅಂದೆ ನಾನು.

"ಬಾವಿ ಹಂತ್ಯಾಕ ಸಿಕ್ಕಿದ್ಲು ಅಕ್ಕಾ…" ಅಂದ. "ಬಿಚ್ಚಿ ನೋಡಿದ್ರೇನು ಅಂತ ಕೇಳಿದ್ಲು."

ಯೇಸು ಸಾಯಬಾ! ನಾ ಕೂಸಿನ್ನ ಅವಚಿಕೊಂಡೆ. ಹೆದರಿಕಿ ಒಂದ ಕಡೆ, ಸಿಟ್ಟ ಒಂದ ಕಡೆ. "ಹಂಗಾದ್ರ ಬಿಚ್ಚಿ ನೋಡೋ ಹುಚ್ಚಪ್ಪಾ! ಸತ್ತ ಮ್ಯಾಲೂ ಅಕಿ ಮಾತ ಕೇಳಾಂಗಿಲ್ಲೇನು ನೀನು?"

ಕರೆಂಟ್ ಬಂತು. ಈ ಸಲ ಅಂವ ಹುಕುಂ ಬರೀಲಿಲ್ಲ. ಸೀಡ್ಯಾಗಿನ ಒಂದೊಂದಽ ಫೈಲು ತಗದು ಓದಾಕ ಹತ್ತಿದ. ಪ್ಯಾಕೇಜ್ ಹೆಂಗ ಕಟ್ಟಬೇಕು ಅಂತ ಅದರಾಗ ಒಂದು ರೀತಿ ಬರದಿರ್ತಾರಂತ, ನಾವು ಅಡಗಿ ಹೇಳಿಕೊಟ್ಟಂಗ. ಓದಕೋಂತ ಓದಕೋಂತ ಒಂದ ಸಾಲಿಗೆ ಬಂದು ನಿಂತ. ಹಣಿ ಬೆವತು ಹನಿ ಇಳದ್ವು.

"ಏನಾತೋ?"

"ಇಲ್ಲಿ ನೋಡು. ಕಟ್ಟೂದಕ್ಕ ಮೊದಲ, ಕಟ್ಟೂ ಜಾಗಾ ಪೂರಾ ಅಳಿಸು ಅಂತ ಬರದಾನ. ಆದ್ರ ಯಾವ ಜಾಗಾ ಅಂತ ಹೆಸರ ಹಾಕಿಲ್ಲ. ಖಾಲಿ ಬಿಟ್ಟಾನ."

"ಖಾಲಿ ಬಿಟ್ರ?"

"ರೂಟ್ ಆಗಿ ಒತ್ತಿದ್ರ ಎಲ್ಲಾ ಅಳಸ್ತಿತ್ತು. ಪೂರಾ ಡಿಸ್ಕ್." ಕಂಪ್ಯೂಟರಿನ ಮ್ಯಾಲೆ ಕೈ ಇಟ್ಟ. "ಅಕಿ ಹಾಡೂ ಹೋಗತಿತ್ತು, ಅಕ್ಕಾ."

ಆಮ್ಯಾಲೆ ಜಾವೇದ ಹೇಳಿದಂಗಽ ಮಾಡಿದ. ರೂಟ್ ಬಿಟ್ಟು ಹೊರಗ ಬಂದ. ಸಾದಾ ಯೂಸರ್ ಒಂದು ಮಾಡ್ಕೊಂಡ, ಅದರ ಕೈಯಾಗ ಹಾಡಿನ ಫೈಲು ಮುಟ್ಟೂ ಅಧಿಕಾರಽ ಇಲ್ಲ. ಬ್ಯಾರೆ ಜಾಗಾ ಮಾಡಿ, ಆ ಖಾಲಿ ಸಾಲಿನಾಗ ಆ ಜಾಗಾದ ಹೆಸರ ತುಂಬಿದ. ಅಲ್ಲೇ ಕಟ್ಟಿದ. ಕಟ್ಟಿದ ಪ್ಯಾಕೇಜ್ ಹಾಕೂದಕ್ಕ ಮೊದಲ ಅದರಾಗ ಏನೇನ ಐತಿ, ಯಾವ್ಯಾವದು ಎಲ್ಲೆಲ್ಲಿ ಹೋಗಿ ಕುಂದರತೈತಿ, ಹಾಕೂವಾಗ ಏನರ ಕಳ್ಳ ಹುಕುಂ ಓಡತೈತೇನು, ಎಲ್ಲಾ ಬಿಡಿಸಿ ಬಿಡಿಸಿ ನೋಡಿದ. ಕಡೀಕ ರೂಟ್ ಆಗಿ ಹಾಕಿದ. ಕರೆಂಟ್ ಒಮ್ಮೆರ ಮಿಣಕ ಅನ್ನಲಿಲ್ಲ.

ಖರ್ ಖರ್ ಅಂತು ಸ್ಪೀಕರು. ಆಮ್ಯಾಲೆ ಜೆಸ್ಸಿಕಾನ ದನಿ… ಹಾಡ ಸುರು ಮಾಡೂ ಮೊದಲ ಗಂಟಲಾ ಸರಿ ಮಾಡ್ಕೊಂಡಿದ್ದೂ ಕೇಳಸ್ತು. ಕೂಸು ಕಣ್ಣ ತಗೀತು. ನಾ ಗಂಜಿ ಬಾಯಿಗಿಟ್ಟೆ. ನುಂಗಿತು ನೋಡ್ರಿ! ಇನ್ನೊಂದು ನುಂಗಿತು. ಬಟ್ಟಲಾ ಖಾಲಿ ಮಾಡಿ ನನ್ನ ಹೆಗಲಮ್ಯಾಲೆ ಮಲಗಿತು. ನಾವಿಬ್ರೂ ಹೋ ಅಂತ ಅತ್ವಿ.

"ಟಾನಿಕ್ ತಂದೇನಿ, ಒಂದ ಚಮಚಾ ಕೊಡೂಣೇನು?" ಅಂದ ಬಸ್ತ್ಯಾಂವ.

"ಮಲಗಿದ ಕೂಸಿನ್ನ ಎಬ್ಬಸ್ತಾರೇನೋ? ಮುಂಜಾನೆ ಕೊಟ್ರಾತು" ಅಂದೆ. ಚೀಲ ಗೂಟದಾಗಽ ಇತ್ತು.

ಮುಂಜಾನೆ ನಾನಽ ಅಗಳಿ ತಗದೆ. ಅಂಗಳದಾಗ ಗೋಣಿಚೀಲ ಹಾಸಿತ್ತು. ಅದರ ಮ್ಯಾಲೆ ಬಸ್ಸಿನ ಟಿಕೀಟು, ಕೂಸಿಗೆ ತಂದ ಬಿಸ್ಕೀಟು, ಬಸ್ತ್ಯಾಂವನ ಟವೆಲ್ಲು, ಬೀಗದ ಕೈ, ಒಂದರ ಬಾಜೂಕ ಒಂದು ಇಟ್ಟಿತ್ತು. ಅಂವ ದಾರ್ಯಾಗ ಒಗದು ಬಂದ ಬ್ಯಾಟ್ರಿ, ಚಪ್ಪಲಿನೂ ಅಲ್ಲೇ. ತಿರುಗಿ ನೋಡಿದೆ. ಗೂಟದಾಗ ಚೀಲ ನೇತಾಡ್ತಿತ್ತು, ಖಾಲಿ.

ಟಾನಿಕ್ ಬಾಟ್ಲಿ ಮಾತ್ರ ಗೋಣಿ ಮ್ಯಾಲೆ ಇರಲಿಲ್ಲ. ಸುತ್ತಿದ ಕಾಗದ ಬಿಚ್ಚಿ, ಅಷ್ಟ ದೂರ, ಬ್ಯಾಡಾದ್ದನ್ನ ಇಟ್ಟಂಗ ಬರೀ ನೆಲದ ಮ್ಯಾಲೆ ನಿಂತಿತ್ತು.

ನಂಬೂದು ಬಿಡೂದು ನಿಮ್ಮದು. ನಾ ದೇವರ ಮುಂದ ಕ್ರೂಸ್ ಹಿಡದೂ ಇದನ್ನಽ ಹೇಳಾಕಿ. ಆ ಬಾಟ್ಲಿ ಎತ್ತಿ ಈ ಕೈಯಾಗ ಹಿಡದು, ಬಿಸಲಿಗೆ ಹಿಡದು ನೋಡೇನಿ. ಚೀಟಿ ಮ್ಯಾಲೆ ಟಾನಿಕ್ ಅಂತಿರಲಿಲ್ಲ, ಮೈಗೆ ಹಚ್ಚೂ ಔಷಧ, ಕುಡದ್ರ ವಿಷ ಅಂತ ಬರದಿತ್ತು. ಮುಚ್ಚಳದ ಸೀಲ ಒಡದಿರಲಿಲ್ಲ. ಒಳಗ ಒಂದ ಹನಿ ಇರಲಿಲ್ಲ.